ಹುರುಳಿಗೊಂದು ಕಲಿಕಾ ಫಲ

ತರಬೇತಿ ಕೇಂದ್ರಗಳಲ್ಲಿ ಮನುಷ್ಯರಿಗೆ ಹೆಸರಿರುವುದಿಲ್ಲ, ತಾಲ್ಲೂಕು ಇರುತ್ತದೆ. "ಅರಕಲಗೂಡು ಬಂತಾ?" ಎಂದು ಬಾಗಿಲಲ್ಲಿ ಹಾಜರಿ ಹಿಡಿದು ಕೂತವರು ಕೇಳುತ್ತಾರೆ. "ಬಂದೈತೆ ಸಾ, ಕಾಫಿ ಕುಡೀತೈತೆ" ಎಂದು ಇನ್ನೊಬ್ಬರು ಒಳಗಿನಿಂದ ಹೇಳುತ್ತಾರೆ. "ಹೊಳೆನರಸೀಪುರ ಎಲ್ಲಿ?" "ಪ್ರಿಂಟರ್ ಹತ್ರ ಸಿಕ್ಕಾಕ್ಕಂಡೈತೆ." ಮೇಷ್ಟ್ರಾಗಿ ಕೂದಲು ಬೆಳ್ಳಗಾಗುವ ಹೊತ್ತಿಗೆ ನಾನೂ ಈ ರೀತಿ ಹಾಸನ ತಾಲ್ಲೂಕಾಗಿ ಪರಿವರ್ತನೆ ಹೊಂದಿದೆ. ಕಟ್ಟಾಯದ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಂಡಿದ್ದವನು ಇಡೀ ತಾಲ್ಲೂಕನ್ನು ಮೈಮೇಲೆ ಹೊತ್ತು ಬಸ್‌ಸ್ಟ್ಯಾಂಡಿನಿಂದ ಶೇರ್ ಆಟೋದಲ್ಲಿ ಹೋಗುವುದು ಸಣ್ಣ ಜವಾಬ್ದಾರಿಯಲ್ಲ. ಪಕ್ಕದಲ್ಲಿ ಕೂತವರಿಗೆ ಆ ಭಾರ ತಿಳಿಯುತ್ತಿರಲಿಲ್ಲ, "ಸ್ವಲ್ಪ ಸರ್ಕಳಿ ಯಜಮಾನ್ರೇ" ಎನ್ನುತ್ತಿದ್ದರು.

ನಮ್ಮನ್ನು ಕರೆಸಿದ್ದು ಹೊಂದಾಣಿಕೆಯ ಕೆಲಸಕ್ಕೆ. ಆದೇಶದಲ್ಲಿ ಅದಕ್ಕೆ ಇನ್ನೂ ಉದ್ದದ ಹೆಸರಿತ್ತು. ಕಾರಿಡಾರಿನಲ್ಲಿ ಎಲ್ಲರೂ ‘ಮ್ಯಾಪಿಂಗ್’ ಎನ್ನುತ್ತಿದ್ದರು. ತಿಳಿಯದವರಿಗೆ ಹೇಳಬೇಕೆಂದರೆ ಸಂಗತಿ ಇಷ್ಟೇ. ಒಂದು ಕಡೆ ಪಠ್ಯಪುಸ್ತಕವಿದೆ, ಅದರಲ್ಲಿ ಪಾಠಗಳಿವೆ. ಇನ್ನೊಂದು ಕಡೆ, ಆಯಾ ತರಗತಿ ಮುಗಿಯುವ ಹೊತ್ತಿಗೆ ಮಗುವಿಗೆ ಏನೇನು ಬಂದಿರಬೇಕು ಎಂದು ಮೇಲಿನವರು ಗೊತ್ತುಮಾಡಿ ಕಳಿಸಿದ ಮಾನದಂಡಗಳಿವೆ. ಅವಕ್ಕೆ ಕಲಿಕಾ ಫಲಗಳೆಂದು ಹೆಸರು, ಒಂದೊಂದಕ್ಕೂ ಒಂದೊಂದು ಸಂಕೇತ. ಯಾವ ಪಾಠದಿಂದ ಯಾವ ಫಲ, ಅದಕ್ಕೆ ಯಾವ ಚಟುವಟಿಕೆ, ಯಾವ ತಿಂಗಳಲ್ಲಿ ಎಂದು ಒಂದು ಕೋಷ್ಟಕದಲ್ಲಿ ಜೋಡಿಸಬೇಕು. ಕೋಷ್ಟಕದೊಳಗೆ ಸೇರಿದ್ದು ಶಾಲೆಯಲ್ಲಿ ನಡೆಯುತ್ತದೆ. ಸೇರದಿದ್ದದ್ದು ನಡೆದರೆ, ಯಾಕೆ ನಡೆಯಿತು ಎಂದು ಕೇಳುವವರಿರುತ್ತಾರೆ.

ಇದನ್ನು ನಾನು ಹೀಯಾಳಿಸಿ ಹೇಳುತ್ತಿಲ್ಲ. ಭಾಗಾಕಾರ ಯಾಕೆ ಹೇಳಿಕೊಡುತ್ತೀರಿ ಎಂದು ಯಾರಾದರೂ ಕೇಳಿದ್ದರೆ, "ಮುಂದಿನ ಪುಟದಲ್ಲಿ ಅದೇ ಇದೆ" ಎನ್ನುವುದನ್ನು ಬಿಟ್ಟು ಬೇರೆ ಉತ್ತರವಿಲ್ಲದ ತಲೆಮಾರು ನಮ್ಮದು. ಪುಟ ತಿರುಗಿತು, ಪಾಠ ಮುಗಿಯಿತು. ಮಗುವಿಗೆ ಬಂತೋ ಇಲ್ಲವೋ ಎನ್ನುವುದು ಪರೀಕ್ಷೆಗೆ ಬಿಟ್ಟ ವಿಚಾರ. ಯಾರೋ ಪುಣ್ಯಾತ್ಮರು ಇದನ್ನು ತಿರುಗಿಸಿ, ಮೊದಲು ಮಗುವಿಗೆ ಏನು ಬರಬೇಕು ಹೇಳಿ, ಆಮೇಲೆ ಪುಟ ಎಂದಿದ್ದರು. ನನಗೆ ಆ ಮಾತು ಮನಸ್ಸಿಗೆ ಹಿಡಿಸಿತ್ತು. ಅದನ್ನು ಒಪ್ಪಿಕೊಳ್ಳುವುದು ನನ್ನ ವಯಸ್ಸಿನವರಿಗೆ ಶೋಭಿಸುವುದಿಲ್ಲವೆಂದು ಮುಖ ಗಂಟಿಕ್ಕಿಕೊಂಡೇ ಹೋಗುತ್ತಿದ್ದೆ, ಅಷ್ಟೇ.

ಐದನೇ ತರಗತಿಯ ಗಣಿತ ನಮ್ಮ ಮೇಜಿನ ಪಾಲಿಗೆ ಬಂದಿತ್ತು. ಮೇಜಿನಲ್ಲಿ ನಾವು ನಾಲ್ಕು ತಾಲ್ಲೂಕು. ನನ್ನ ಎಡಕ್ಕೆ ಹೊಳೆನರಸೀಪುರ: ಈಗಷ್ಟೇ ಕೆಲಸಕ್ಕೆ ಸೇರಿದ ಯುವಕ, ಲ್ಯಾಪ್‌ಟಾಪು ಬಲ್ಲವನು, ಆದ್ದರಿಂದ ವಯಸ್ಸಿನಲ್ಲಿ ಚಿಕ್ಕವನಾದರೂ ನಾವೆಲ್ಲ ಬಹುವಚನದಲ್ಲಿ ಮಾತಾಡಿಸಬೇಕಾದವನು. ಎದುರಿಗೆ ಅರಕಲಗೂಡು: ಕೊಣನೂರಿನ ಕಡೆಯ ಮೇಷ್ಟ್ರು, ದಪ್ಪ ಶರೀರ, ದೊಡ್ಡ ಗಂಟಲು, ಚೀಲದಲ್ಲಿ ಸದಾ ಸಂತೆಯ ಕಡ್ಲೆಪುರಿ. ಪುರಿಯ ಪೊಟ್ಟಣ ಮೇಜಿನ ನಡುವೆ ಬಿಚ್ಚಿದ ಮೇಲೆಯೇ ನಮ್ಮ ಕಲಾಪ ಶುರುವಾಗುತ್ತಿತ್ತು. ಬಲಕ್ಕೆ ಚನ್ನರಾಯಪಟ್ಟಣ: ಹಿರೀಸಾವೆಯಿಂದ ಒಳಗಿನ ಹಳ್ಳಿಯೊಂದರಲ್ಲಿ ಐದನೇ ತರಗತಿ ತೆಗೆದುಕೊಳ್ಳುತ್ತಿದ್ದ ಮೇಡಂ. ಮಾತು ಕಡಿಮೆ. ನಾವು ವಾದ ಮಾಡುವಾಗಲೆಲ್ಲ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ವಾದ ಮುಗಿದ ಮೇಲೆ ಹಾಕಿಕೊಂಡು, ಏನಾಯಿತು ಎಂದು ನೋಡುತ್ತಿದ್ದರು.

ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಕೋನ, ಸುತ್ತಳತೆ: ಇವು ತಮ್ಮ ತಮ್ಮ ಫಲಗಳ ಪಕ್ಕಕ್ಕೆ ತಾವೇ ಹೋಗಿ ನಿಂತುಕೊಂಡವು. ಗ್ರಹಚಾರ ಶುರುವಾದದ್ದು ದತ್ತಾಂಶದ ಪಾಠದಲ್ಲಿ. ಎಣಿಸಿ, ಗೀಟು ಹಾಕಿ, ಕೋಷ್ಟಕ ಮಾಡಿ, ಸ್ತಂಭದ ಚಿತ್ರ ಬರೆಯುವ ಪಾಠ. ಮಗು ಸುತ್ತಲಿನ ಮಾಹಿತಿಯನ್ನು ಸಂಗ್ರಹಿಸಿ, ವಿಂಗಡಿಸಿ, ಅದರಿಂದ ಒಂದು ತೀರ್ಮಾನಕ್ಕೆ ಬರಬೇಕೆಂಬುದು ಫಲ. ಆದರೆ ನಮಗೆ ಮಾದರಿಗೆಂದು ಕೊಟ್ಟ ಕೈಪಿಡಿಯಲ್ಲಿದ್ದದ್ದು ಮಕ್ಕಳಿಗೆ ಯಾವ ಯಾವ ಬಗೆಯ ಐಸ್‌ಕ್ರೀಮ್ ಇಷ್ಟ ಎಂಬ ಸಮೀಕ್ಷೆ.

"ನಮ್ ಹುಡುಗ್ರುನ್ನ ಯಾವ್ ಐಸ್‌ಕ್ರೀಮ್ ಇಷ್ಟ ಅಂತ ಕೇಳುದ್ರೆ ಎಲ್ಲಾ ಇಷ್ಟ ಅಂತಾವೆ ಕಣ್ ಸಾ" ಎಂದಿತು ಅರಕಲಗೂಡು. "ಎಲ್ಲಾ ಸ್ತಂಭನೂ ಒಂದೇ ಎತ್ರ. ತೀರ್ಮಾನ ಏನು ಬರೀಲಿ? ಮೇಷ್ಟ್ರು ಕೊಡಿಸ್ಬೇಕು ಅಂತ್ಲಾ?"

ಸ್ಥಳೀಯ ಚಟುವಟಿಕೆ ಸೂಚಿಸಬಹುದೆಂದು ಕೈಪಿಡಿಯಲ್ಲೇ ಅವಕಾಶವಿತ್ತು. ತಕ್ಷಣ ಪ್ರತಿಯೊಂದು ತಾಲ್ಲೂಕೂ ತನ್ನ ಬೆಳೆಯನ್ನು ಮುಂದೆ ತಂದಿತು. ನಾನು ಆಲೂಗಡ್ಡೆ ಎಂದೆ: ದಪ್ಪ, ಮಧ್ಯಮ, ಗೋಲಿ ಎಂದು ವಿಂಗಡಿಸುವುದು ನಮ್ಮ ಕಡೆಯ ಮಕ್ಕಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಹೊಳೆನರಸೀಪುರ ನಾಲೆಯ ನೀರು ಬಿಟ್ಟ ದಿನಗಳನ್ನು ಎಣಿಸಬಹುದೆಂದಿತು. ಅರಕಲಗೂಡು ಪುರಿ ತುಂಬಿದ ಬಾಯಿಯಲ್ಲೇ, "ನಮ್ದು ಹೊಗೆಸೊಪ್ಪು. ಬಣ್ಣದ್ ಮೇಲೆ ಗ್ರೇಡು ಮಾಡೋದು. ಅದಕ್ಕಿಂತ ದತ್ತಾಂಶ ಇನ್ನೇನ್ ಬೇಕು?" ಎಂದಿತು.

"ಸರ್, ಶಾಲೆ ಗೇಟಲ್ಲೇ ತಂಬಾಕು ನಿಷೇಧ ಅಂತ ಬೋರ್ಡ್ ಇದೆ" ಎಂದಿತು ಹೊಳೆನರಸೀಪುರ.

"ಬೋರ್ಡು ಗೇಟಿನ್ ಮೇಲೈತೆ ಕಣಪ್ಪ. ಗೇಟಿನ್ ಆಚೆಗೆ ಪೂರ್ತಿ ತಾಲ್ಲೂಕೇ ಹೊಗೆಸೊಪ್ಪು. ನಾನ್ ಯಾವ್ ಕಡೆ ಮುಖ ಮಾಡಿ ಪಾಠ ಮಾಡ್ಲಿ?"

ಈ ಪ್ರಶ್ನೆಗೆ ಸಂಕೇತ ಇರಲಿಲ್ಲ. ಎಲ್ಲರೂ ಪುರಿ ತಿಂದೆವು. ಆಗ ಚನ್ನರಾಯಪಟ್ಟಣ ಕನ್ನಡಕ ಹಾಕಿಕೊಂಡು ಹೇಳಿತು: "ನಂದೊಂದೈತೆ ಸಾ. ಆದ್ರೆ ಅದ್ರ ಮೇಲೆ ನೋಟೀಸ್ ಐತೆ."

ಸರ್ಕಾರಿ ನೌಕರರ ಮೇಜಿನ ಮೇಲೆ ನೋಟೀಸ್ ಎಂಬ ಪದ ಬಿದ್ದರೆ ಪುರಿ ಅಗಿಯುವ ಶಬ್ದವೂ ನಿಲ್ಲುತ್ತದೆ.

ಅವರು ಹೇಳಿದ್ದು ಇದು. ಅವರ ಶಾಲೆಯ ಕಾಂಪೌಂಡಿಗೆ ತಾಗಿದ ಹಾಗೆ ಟಾರು ರಸ್ತೆ. ಹುರುಳಿ ಕಿತ್ತ ಮೇಲೆ ಊರಿನವರು ಅದನ್ನು ತಂದು ರಸ್ತೆಯ ಮೇಲೆ ಹಾಸುತ್ತಾರೆ. ಹೋಗಿಬರುವ ಬಸ್ಸು, ಲಾರಿ, ಟ್ರ್ಯಾಕ್ಟರುಗಳು ತುಳಿದು ತುಳಿದು ಕಾಳು ಬಿಡಿಸಿಕೊಡುತ್ತವೆ. ನಮ್ಮ ಕಡೆ ಇದು ಹೊಸದೇನಲ್ಲ. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಗುಂಡು ಎಳೆಸುವ ಕಾಲ ಹೋಯಿತು. ಈಗ ಸರ್ಕಾರವೇ ಊರ ಮುಂದೆ ಉದ್ದನೆಯ ಕಣ ಮಾಡಿ ಟಾರು ಬಳಿದು ಕೊಟ್ಟಿದೆ ಎಂಬುದು ಜನರ ತಿಳಿವಳಿಕೆ. ಕಾನೂನು ಇದನ್ನು ಒಪ್ಪುವುದಿಲ್ಲ. ಬೈಕಿನವರು ಜಾರುತ್ತಾರೆ, ಪೊಲೀಸರು ಬಂದು ಬೈಯುತ್ತಾರೆ, ಜನ "ಆಯ್ತು ಸಾ" ಎನ್ನುತ್ತಾರೆ, ಹುರುಳಿ ಅಲ್ಲೇ ಇರುತ್ತದೆ.

ಈ ಸಲ ಮೊದಲು ಕಿತ್ತ ಹುರುಳಿಯನ್ನು ಶಾಲೆಯ ಎದುರು ಮನೆಯ ಅಜ್ಜಿಯೊಬ್ಬರು ಹಾಸಿ ಒಳಗೆ ಕೆಲಸಕ್ಕೆ ಹೋಗುತ್ತಿದ್ದರು. ಎಷ್ಟು ಗಾಡಿ ತುಳಿದವು ಎಂದು ಗೊತ್ತಾದರೆ ತಾನೆ, ಯಾವಾಗ ತಿರುವಿ ಹಾಕಬೇಕೆಂದು ಗೊತ್ತಾಗುವುದು? ಆಟದ ಬಿಡುವಿನಲ್ಲಿ ಕಾಂಪೌಂಡಿನ ಹತ್ತಿರ ಬಂದ ಮಕ್ಕಳನ್ನು ಕೇಳಿದರಂತೆ: "ಎಷ್ಟು ಗಾಡಿ ಓದ್ವು ಮಗ?" ಮಕ್ಕಳು ಒಕ್ಕೊರಲಿನಿಂದ "ತುಂಬಾ ಅಜ್ಜಿ" ಎಂದರು. ಈ ‘ತುಂಬಾ’ ಮೇಡಂ ಕಿವಿಗೆ ಬಿತ್ತು. ಗಣಿತ ಹೇಳುವವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮರುದಿನ ಐದನೇ ತರಗತಿಯನ್ನು ಕಾಂಪೌಂಡಿನ ಒಳಗಿನ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿದರು. ಒಬ್ಬರು ಗಾಡಿ ನೋಡಿ ಕೂಗುವುದು, ಒಬ್ಬರು ಗೀಟು ಹಾಕುವುದು. ನಾಲ್ಕು ಗೀಟು, ಐದನೆಯದು ಅಡ್ಡ. ಬೈಕು ಎಷ್ಟು ಹೋದರೂ ಹುರುಳಿಗೆ ತಿಳಿಯುವುದೇ ಇಲ್ಲ, ಒಂದು ಲಾರಿ ಹೋದರೆ ಸದ್ದೇ ಬೇರೆ ಎಂದು ಮಕ್ಕಳೇ ಕಂಡುಕೊಂಡರು. ಒಂದು ಲಾರಿ ಎಷ್ಟು ಕಾರಿಗೆ ಸಮ ಎಂದು ಜಗಳವಾಯಿತು. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಸ್ತಂಭಗಳು ಎದ್ದವು. ಅವನ್ನು ನೋಡಿ ಅಜ್ಜಿ ಹುರುಳಿ ತಿರುವಿ ಹಾಕಿದರು.

ಯಾರೋ ಇದನ್ನು ಮೊಬೈಲಿನಲ್ಲಿ ಹಿಡಿದು ಊರೆಲ್ಲ ಹಂಚಿದರು. ಅದು ಸುತ್ತಿ ಸುತ್ತಿ ತಪಾಸಣೆಯವರೊಬ್ಬರ ಕೈಗೆ ಬಂತು. ಮಕ್ಕಳನ್ನು ರಸ್ತೆ ಕಾಯಲು ಕೂರಿಸಿರುವುದು ಯಾವ ಕಲಿಕಾ ಫಲದ ಸಲುವಾಗಿ, ವಿವರಣೆ ಕೊಡಿ ಎಂದು ನೋಟೀಸ್. ಮೇಡಂ ವಿವರಣೆ ಕೊಟ್ಟರು. ಜಿಲ್ಲೆಯ ಹೊಸ ಕೋಷ್ಟಕದಲ್ಲಿ ಈ ಚಟುವಟಿಕೆ ಬಂದರೆ ಸರಿ, ಇಲ್ಲವಾದರೆ ನಿಲ್ಲಿಸತಕ್ಕದ್ದು, ಸೇವಾ ಪುಸ್ತಕದಲ್ಲೂ ನಮೂದಾಗುತ್ತದೆ ಎಂದು ಉತ್ತರ ಬಂತು.

"ಸೇವಾ ಪುಸ್ತಕ ಬಿಡಿ ಸಾ, ಅದ್ರಲ್ಲಿ ಏನಾರ ಬರ್ಕಳ್ಳಿ" ಎಂದರು ಮೇಡಂ. ಸರ್ಕಾರಿ ನೌಕರರ ಬಾಯಲ್ಲಿ ಇಂಥ ಮಾತು ನಾನು ಅದೇ ಮೊದಲು ಕೇಳಿದ್ದು. "ನನ್ ಕ್ಲಾಸಲ್ಲಿ ಒಂದ್ ಹೆಣ್ಮಗು ಐತೆ. ಹೆಸ್ರು ಕೂಗುದ್ರೂ ತಲೆ ಎತ್ತಲ್ಲ. ಶಾಲೆ ಶುರುವಾದಾಗ್ನಿಂದ ಬಾಯೇ ಬಿಟ್ಟಿರ್ಲಿಲ್ಲ. ಅವತ್ತು ಎದ್ದು ನಿಂತು ಪಕ್ಕದೋನಿಗೆ, ನೀರಿನ ಟ್ಯಾಂಕರ್‌ಗೆ ಎರಡ್ ಗೀಟ್ ಹಾಕಿದ್ದೀಯ, ಅಳಿಸ್ಲಾ ಅಂತ ಜಗಳಕ್ಕೆ ಬಿತ್ತು. ಆ ಜಗಳ ನಂಗೆ ಇನ್ನೊಂದ್ ಸಲ ಬೇಕು ಸಾ. ಈ ಹುರುಳಿ ಕಾಲ ಮುಗಿಯೋದ್ರೊಳಗೆ ನಡೀಲಿಲ್ಲ ಅಂದ್ರೆ ಅದು ಮುಂದಿನ ವರ್ಷ ಆರನೇ ಕ್ಲಾಸು. ಬೇರೆ ಮೇಷ್ಟ್ರು."

ನಾವು ಮೂರು ತಾಲ್ಲೂಕುಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಲೂಗಡ್ಡೆ, ನಾಲೆ ನೀರು, ಹೊಗೆಸೊಪ್ಪು ಮೂರೂ ತಾವಾಗಿಯೇ ಹಿಂದೆ ಸರಿದವು. ಹುರುಳಿ ಸರ್ವಾನುಮತದಿಂದ ಆಯ್ಕೆಯಾಯಿತು.

ಆದರೆ ಬರೆಯುವುದು ಹೇಗೆ? ‘ರಸ್ತೆಯಲ್ಲಿ ಹುರುಳಿ ಒಕ್ಕಣೆ’ ಎಂದು ಸರ್ಕಾರಿ ಕೋಷ್ಟಕದಲ್ಲಿ ಬರೆದರೆ ಪೊಲೀಸರು ಬಂದು ಕೋಷ್ಟಕವನ್ನೇ ಹಿಡಿದುಕೊಂಡು ಹೋಗುತ್ತಾರೆ. ಇಲ್ಲಿ ನಮ್ಮ ಅನುಭವ ಕೆಲಸಕ್ಕೆ ಬಂತು. ಇಲಾಖೆಯಲ್ಲಿ ಯಾವುದನ್ನಾದರೂ ಯಾರ ಕಣ್ಣಿಗೂ ಬೀಳದ ಹಾಗೆ ಇಡಬೇಕಾದರೆ ಬೀರುವಿನಲ್ಲಿ ಬಚ್ಚಿಡಬಾರದು. ಉದ್ದನೆಯ ಹೆಸರಿಟ್ಟು ಎದುರಿಗೇ ಇಡಬೇಕು. ನಾನು ‘ವಾಹನ ಸಂಚಾರ ಸಮೀಕ್ಷೆ’ ಎಂದೆ. ಹೊಳೆನರಸೀಪುರ ಅದರ ಹಿಂದೆ ‘ಸ್ಥಳೀಯ ಕೃಷಿ ಸಂಸ್ಕೃತಿ ಆಧಾರಿತ’ ಎಂದು ಟೈಪು ಮಾಡಿತು. ಅರಕಲಗೂಡು ಸುಮ್ಮನಿರಲಾರದೆ, "ತುಲನಾತ್ಮಕ ಅಂತ ಎಲ್ಲಾರ ತೂರ್ಸಿ ಸಾ, ತೂಕ ಬತ್ತದೆ" ಎಂದಿತು. ಕೊನೆಗೆ ಪರದೆಯ ಮೇಲೆ ಮೂಡಿದ್ದು: ‘ಸ್ಥಳೀಯ ಕೃಷಿ ಸಂಸ್ಕೃತಿ ಆಧಾರಿತ ವಾಹನ ಸಂಚಾರ ಸಮೀಕ್ಷೆ ಹಾಗೂ ತುಲನಾತ್ಮಕ ಸ್ತಂಭಾಲೇಖ ರಚನೆ.’

ಮೇಡಂ ಎರಡು ಸಲ ಓದಿದರು. "ಇದ್ರಲ್ಲಿ ನನ್ ಹುರುಳಿ ಎಲ್ಲೈತೆ?"

"ಒಳಗೇ ಐತೆ ಮೇಡಮ್ಮೋರೆ" ಎಂದಿತು ಅರಕಲಗೂಡು. "ಹೊಟ್ಟು ತೂರುದ್ರೆ ಸಿಕ್ತದೆ."

ಮೇಡಂ ನಕ್ಕರು. ಆಮೇಲೆ ಕೋಷ್ಟಕದ ಕೊನೆಯ ಅಂಕಣದ ಮೇಲೆ ಬೆರಳಿಟ್ಟರು. ನಮ್ಮ ಜೋಡಣೆಯ ಲೆಕ್ಕದಲ್ಲಿ ಆ ಪಾಠ ಮಳೆಗಾಲಕ್ಕೆ ಬಿದ್ದಿತ್ತು. "ಹೆಸ್ರು ಏನ್ ಬೇಕಾದ್ರೂ ಇಟ್ಕಳಿ. ತಿಂಗ್ಳು ಮಾತ್ರ ಡಿಸೆಂಬರ್ ಮಾಡಿ. ಮಳೇಲಿ ನಾನು ಹುರುಳಿ ಎಲ್ಲಿಂದ ತರ್ಲಿ?" ಒಂದು ಪಾಠವನ್ನು ಡಿಸೆಂಬರಿಗೆ ತಳ್ಳಿದ್ದಕ್ಕೆ ಆರೇಳು ಪಾಠಗಳು ಜಾಗ ಬದಲಿಸಬೇಕಾಯಿತು. ಹೊಳೆನರಸೀಪುರ ಮಧ್ಯಾಹ್ನದ ಊಟ ಬಿಟ್ಟು ಬದಲಿಸಿತು. ಲ್ಯಾಪ್‌ಟಾಪು ಬಲ್ಲವರ ಬಗ್ಗೆ ನನಗಿದ್ದ ಅಭಿಪ್ರಾಯವನ್ನು ಅಂದು ಸ್ವಲ್ಪ ತಿದ್ದಿಕೊಂಡೆ.

ಕೊನೆಯ ದಿನ ಅಧಿಕಾರಿಗಳು ಬಂದು ಎಲ್ಲ ಮೇಜುಗಳ ಕೋಷ್ಟಕಗಳನ್ನೂ ನೋಡುತ್ತಾ ಬಂದರು. ಒಳ್ಳೆಯವರೇ, ಓದುವ ಅಭ್ಯಾಸವಿದ್ದವರು. ನಮಗೆ ಅನಾಹುತ ಆದದ್ದೂ ಅದರಿಂದಲೇ. ಬೇರೆ ಯಾರಾಗಿದ್ದರೂ ಅಷ್ಟು ಉದ್ದದ ಹೆಸರನ್ನು ದಾಟಿಕೊಂಡು ಹೋಗುತ್ತಿದ್ದರು. ಇವರು ನಿಂತು, ಪೂರ್ತಿ ಓದಿ, ಮೈಕಿನಲ್ಲಿ ಇನ್ನೊಮ್ಮೆ ಓದಿದರು. "ಇದು ನೋಡಿ, ಇಂಥದ್ದು ಬರಬೇಕು. ಐಸ್‌ಕ್ರೀಮ್ ಬಿಟ್ಟು ಸಂಚಾರ ಸಮೀಕ್ಷೆ! ಇದನ್ನು ನಾನೇ ಬಂದು ನೋಡಬೇಕು. ನೋಡಿ ಸಹಿ ಮಾಡ್ತೀನಿ. ಎಲ್ಲ ತಾಲ್ಲೂಕಿಗೂ ಮಾದರಿಯಾಗಲಿ." ಸಭೆ ಚಪ್ಪಾಳೆ ತಟ್ಟಿತು. ನಾವು ನಾಲ್ವರೂ ತಟ್ಟಿದೆವು. ತಟ್ಟದಿದ್ದರೆ ಅನುಮಾನ ಬರುತ್ತಿತ್ತು. ಮುಚ್ಚಿಡಲೆಂದು ಹೊದಿಸಿದ ಜರಿ ಶಾಲು ನೋಡಿಯೇ ಒಳಗೇನಿದೆ ಎಂದು ಕೇಳುವವರು ಬಂದಿದ್ದರು.

ಕಾರಿಡಾರಿನಲ್ಲಿ ತುರ್ತು ಸಭೆ ಸೇರಿತು.

"ಅವತ್ತೊಂದಿನ ರಸ್ತೆ ಗುಡ್ಸಿ ಇಟ್ಬುಡಿ ಮೇಡಮ್ಮೋರೆ" ಎಂದಿತು ಅರಕಲಗೂಡು. "ಮಕ್ಳು ಸುಮ್ನೆ ಗಾಡಿ ಎಣಿಸ್ಲಿ. ಹುರುಳಿ ಇಲ್ದಿದ್ರೆ ಸಮೀಕ್ಷೆ ಸಮೀಕ್ಷೆ ಅಲ್ದೇ ಓಗ್ತದಾ?"

ಮೇಡಂ ಊರಿಗೆ ಹೋಗಿ ಅಜ್ಜಿಯನ್ನು ಕೇಳಿದರು. ರಾತ್ರಿ ನನಗೆ ಫೋನು ಮಾಡಿ ಅಜ್ಜಿಯ ಉತ್ತರವನ್ನು ಅಕ್ಷರಶಃ ಒಪ್ಪಿಸಿದರು: "ಕೆಳಗಿನ್ ಹೊಲದ್ ಉಳ್ಳೀನೂ ಕಿತ್ತಾಗೈತೆ ಕಣವ್ವ. ಮೋಡ ನೋಡಿದ್ರೆ ಅಂಗೈತೆ. ನಿಮ್ ಸಾಯೇಬ್ರು ಬತ್ತಾರೆ ಅಂತ ಮಳೆ ತಡ್ಕತದಾ?" ಮೇಡಂ ತಮ್ಮ ಮಾತನ್ನೂ ಸೇರಿಸಿದರು: "ನಂಗೂ ಗುಡಿಸೋಕೆ ಮನಸ್ಸಿಲ್ಲ ಸಾ. ಹುರುಳಿ ಇಲ್ದೆ ಎಣಿಸುದ್ರೆ ಅವು ಯಾಕ್ ಎಣಿಸ್ಬೇಕು? ಐಸ್‌ಕ್ರೀಮೂ ಅದೂ ಒಂದೇ ಆಯ್ತು."

ಗುಡಿಸುವ ಮಾತು ಅಲ್ಲಿಗೆ ಮುಗಿಯಿತು.

ಹೊರಟ ದಿನ ಇಲಾಖೆಯ ಜೀಪಿನಲ್ಲಿ ಮುಂದೆ ಅಧಿಕಾರಿಗಳು, ಹಿಂದೆ ನಾವು ಮೂರು ತಾಲ್ಲೂಕು. ಅದು ಜೀಪಲ್ಲ, ಏನೋ ಬೇರೆ ಹೆಸರಿನ ಗಾಡಿ; ಇಲಾಖೆಯಲ್ಲಿ ನಾಲ್ಕು ಚಕ್ರದ್ದಕ್ಕೆಲ್ಲ ಜೀಪೆಂದೇ ನಾಮಕರಣ. ಹಿರೀಸಾವೆಯ ಹೆದ್ದಾರಿ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅರಕಲಗೂಡು ಒಂದು ದೋಸೆ ಹೇಳಿತು, ಆಮೇಲೆ ಇನ್ನೊಂದು ದೋಸೆ ಹೇಳಿತು. ಹಸಿವಿನಿಂದಲ್ಲ, ತಡವಾದಷ್ಟೂ ಹುರುಳಿ ಒಕ್ಕಿ ಮುಗಿದಿರಬಹುದು ಎಂಬ ದೂರಾಲೋಚನೆ. ಮೂರನೆಯದಕ್ಕೆ ಕೈ ಎತ್ತಿದಾಗ ಅಧಿಕಾರಿಗಳು ಗಡಿಯಾರ ನೋಡಿದರು.

ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗಿ, ತೆಂಗಿನ ತೋಟಗಳನ್ನು ದಾಟಿ ಊರು ಕಾಣುವಷ್ಟರಲ್ಲಿ ಡ್ರೈವರು ನಿಧಾನ ಮಾಡಿದ. ಮುಂದೆ ರಸ್ತೆ ಇರಲಿಲ್ಲ, ಹುರುಳಿಯಿತ್ತು. ಕಂದು ಬಣ್ಣದ ಒಣಗಿದ ಬಳ್ಳಿ, ಶಾಲೆಯ ಗೇಟಿನಾಚೆಗೂ ಹಾಸಿದ ಜಮಖಾನೆಯ ಹಾಗೆ.

"ಏನಿದು?" ಎಂದರು ಅಧಿಕಾರಿಗಳು.

ಹಿರಿಯನಾದ್ದರಿಂದ ನಾನೇ ಗಂಟಲು ಸರಿಮಾಡಿಕೊಂಡೆ. "ಸ್ಥಳೀಯ ಕೃಷಿ ಸಂಸ್ಕೃತಿ ಸಾರ್."

ಅವರು ಹಿಂದೆ ತಿರುಗಿ ನನ್ನ ಮುಖವನ್ನೇ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಜೀಪು ಹುರುಳಿಯ ಅಂಚಿನಲ್ಲಿ ಮೆಲ್ಲನೆ ಚಟಪಟ ಎನ್ನುತ್ತಾ ಹೋಯಿತು. ಕಾಂಪೌಂಡಿನ ಮೇಲಿಂದ ಇಣುಕಿದ ತಲೆಗಳ ಸಾಲಿನಿಂದ ಒಂದು ಧ್ವನಿ ಕೂಗಿತು: "ಜೀಪೂ!"

ಹುರುಳಿ ದಾಟುವಷ್ಟರಲ್ಲಿ ಎದುರು ಮನೆಯಿಂದ ಅಜ್ಜಿ ಕೈ ಅಡ್ಡ ಹಿಡಿದು ಬಂದರು. ಡ್ರೈವರು ನಿಲ್ಲಿಸಿದ. "ಏನಪ್ಪಾ ನೀನು, ಅಂಚಲ್ಲಿ ಓದ್ರೆ ಏನ್ ಬಂತು? ಅಷ್ಟು ದೊಡ್ ಗಾಡಿ ಮಡಿಕ್ಕಂಡು ಕಳ್ನಂಗೆ ಓಗ್ತೀಯಲ್ಲ. ಹಿಂದುಕ್ ತಗಂಡು ಮಧ್ಯುಕ್ ಬಾ ನನ್ನಪ್ಪ."

ಡ್ರೈವರು ಅಧಿಕಾರಿಗಳ ಕಡೆ ನೋಡಿದ. ನಾವು ಮೂರು ತಾಲ್ಲೂಕೂ ಅವರ ಕತ್ತಿನ ಹಿಂಭಾಗವನ್ನು ನೋಡಿದೆವು. ಆ ಕತ್ತಿನಿಂದ ಏನೂ ತಿಳಿಯುತ್ತಿರಲಿಲ್ಲ.

"ತಗಳಪ್ಪ" ಎಂದರು ಕೊನೆಗೆ. "ಹೇಳ್ತಾವ್ರಲ್ಲ."

ಆ ಒಂದು ಮಾತಿನಲ್ಲಿ ಅವರೂ ನಮ್ಮ ಕಡೆಯವರೇ ಎಂದು ಗೊತ್ತಾಯಿತು. ಡ್ರೈವರಿಗೂ ಹುರುಪು ಬಂತು. ಹಿಂದಕ್ಕೆ ತೆಗೆದುಕೊಂಡ, ಮತ್ತೆ ಮುಂದಕ್ಕೆ ಬಂದ, ನಡು ಹುರುಳಿಯ ಮೇಲೆ ಹದವಾಗಿ. ಇಲಾಖೆಯ ವಾಹನವೊಂದು ಕಣ್ಣಿಗೆ ಕಾಣುವ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅಂದೇ.

ಒಳಗೆ ಹೋದಾಗ ಮೇಡಂ ಎದ್ದು ನಿಂತರು. ಕನ್ನಡಕ ಕೈಯಲ್ಲಿತ್ತು. ಮಕ್ಕಳು "ನಮಸ್ತೇ ಸಾರ್" ಎಂದು ರಾಗವಾಗಿ ಹೇಳಿ, ರಾಗ ಮುಗಿಯುವ ಮೊದಲೇ ಜಗಳಕ್ಕೆ ಮರಳಿದರು. ಜಗಳ ನಮ್ಮ ಜೀಪಿನ ಬಗ್ಗೆಯೇ. ಗೀಟು ಹಾಕುವ ಹುಡುಗ ಜೀಪಿನ ಮುಂದೆ ಒಂದು ಗೀಟು ಹಾಕಿದ್ದ. ಅವನ ಪಕ್ಕದಲ್ಲಿ, ಎರಡು ಜಡೆಯ ಸಣಕಲು ಹುಡುಗಿಯೊಬ್ಬಳು ಸೀಮೆಸುಣ್ಣ ಕಿತ್ತುಕೊಳ್ಳಲು ನೋಡುತ್ತಿದ್ದಳು.

"ಮೂರ್ ಹಾಕ್ಲಾ!"

"ಒಂದೇ ಜೀಪು ಕಣೇ! ಕಣ್ ಕಾಣಲ್ವಾ ನಿಂಗೆ?"

ಅಧಿಕಾರಿಗಳು ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತುಬಿಟ್ಟರು. "ಏನಮ್ಮಾ, ನಾನು ಬಂದಿದ್ದು ಒಂದೇ ಜೀಪಲ್ಲಿ. ಮೂರು ಹೇಗಾಯ್ತು?"

ಹುಡುಗಿ ತಲೆ ತಗ್ಗಿಸಿದಳು. ಮೇಡಂ ಕನ್ನಡಕ ಒರೆಸುವುದನ್ನು ನಿಲ್ಲಿಸಿದ್ದರು. ಇದೇ ಆ ಮಗು ಎಂದು ನಮಗೆ ಯಾರೂ ಹೇಳಬೇಕಾಗಿರಲಿಲ್ಲ. ಮುಗಿಯಿತು, ಇನ್ನು ಇವಳು ಬಾಯಿ ಬಿಡುವುದಿಲ್ಲ ಎಂದುಕೊಂಡೆ. ಆಗ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಬಂತು. ಹುಡುಗಿ ಅಭ್ಯಾಸಬಲದಿಂದ ತಲೆ ಎತ್ತಿ "ಟ್ಯಾಕ್ಟ್ರು!" ಎಂದು ಕೂಗಿದಳು. ಕೂಗಿದ ಮೇಲೆ ತೆರೆದ ಬಾಯಿ ಮುಚ್ಚುವುದು ಕಷ್ಟವಾಗಿರಬೇಕು.

"ಜೀಪು ಒಂದೇ ಸಾ. ಆದ್ರೆ ಓಯ್ತು, ಬಂತು, ಓಯ್ತು. ಮೂರ್ ಸಲ ತುಳೀತಲ್ಲ. ಅದೇ ಜೀಪು ಅಂತ ಹುರುಳಿಗೇನ್ ಗೊತ್ತು?"

ಅಧಿಕಾರಿಗಳು ಹುಡುಗನ ಕಡೆ ತಿರುಗಿದರು. "ನೀನೇನಂತೀಯಪ್ಪಾ?"

"ಮೇಲೆ ‘ಗಾಡಿಗಳು’ ಅಂತ ಬರ್ದಿದ್ದೀವಿ ಸಾ. ಗಾಡಿ ಒಂದೇ" ಎಂದ ಅವನು. ಅವನದೂ ಸುಳ್ಳಲ್ಲ.

ತರಗತಿ ಎರಡಾಯಿತು. ಅರಕಲಗೂಡು ಹುಡುಗನ ಪಕ್ಷ ಸೇರಿತು, ಡ್ರೈವರು ಹುಡುಗಿಯ ಪಕ್ಷ; ತುಳಿದವನು ಅವನೇ ಆದ್ದರಿಂದ ಮೂರು ಸಲದ ಕೀರ್ತಿಯನ್ನು ಬಿಟ್ಟುಕೊಡಲು ಸಿದ್ಧನಿರಲಿಲ್ಲ. ಬೆಳಗ್ಗೆ ಹೋದ ಬಸ್ಸು ಮಧ್ಯಾಹ್ನ ಅದೇ ರಸ್ತೆಯಲ್ಲಿ ವಾಪಸ್ಸು ಬಂದರೆ ಹೇಗೆ ಎಂದು ಇನ್ನೊಂದು ಮಗು ಕೇಳಿತು. ಆ ಪ್ರಶ್ನೆ ನಾನು ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ನಾವು ಎಣಿಸುತ್ತಿರುವುದು ಏನನ್ನು? ಅಧಿಕಾರಿಗಳು ಪೆನ್ನಿನಿಂದ ಮೊಣಕಾಲು ಬಡಿಯುತ್ತಾ ಯೋಚಿಸಿದರು. ಕೊನೆಗೆ ಹುಡುಗಿಯೇ ಎದ್ದು ಹೋಗಿ, ಜಗುಲಿಯ ಮೇಲಿನ ‘ಗಾಡಿಗಳು’ ಎಂಬುದನ್ನು ಅಂಗೈಯಲ್ಲಿ ಅಳಿಸಿ, ‘ತುಳಿದ ಸಲ’ ಎಂದು ಬರೆದಳು. ಹುಡುಗ ಅದನ್ನು ಓದಿ, "ಅಂಗಾದ್ರೆ ಸರಿ" ಎಂದು ಇನ್ನೆರಡು ಗೀಟು ಹಾಕಿದ.

ಅಧಿಕಾರಿಗಳು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. "ಮೇಡಂ, ಆ ಹೆಸರು ಯಾರಿಟ್ಟಿದ್ದು?"

"ಹಾಸನ, ಅರಕಲಗೂಡು, ಹೊಳೆನರಸೀಪುರ ಸಾರ್" ಎಂದರು ಮೇಡಂ, ಯಾರ ಪಾಲನ್ನೂ ಮುಚ್ಚಿಡದೆ. ಆಮೇಲೆ ಒಂದೇ ಉಸಿರಿನಲ್ಲಿ ನೋಟೀಸಿನ ವಿಚಾರವನ್ನೂ ಹೇಳಿದರು.

ಅಧಿಕಾರಿಗಳು ಹೊಳೆನರಸೀಪುರದ ಕೈಯಲ್ಲಿದ್ದ ಕೋಷ್ಟಕದ ಪ್ರತಿಯನ್ನು ತೆಗೆದುಕೊಂಡರು. ಕಾಂಪೌಂಡಿನ ಗೋಡೆಯ ಮೇಲಿಟ್ಟು, ಚಟುವಟಿಕೆಯ ಪಕ್ಕದಲ್ಲಿ ‘ಮಕ್ಕಳು ಕಾಂಪೌಂಡಿನ ಒಳಗೇ ಇರತಕ್ಕದ್ದು’ ಎಂದು ಬರೆದು ಸಹಿ ಮಾಡಿದರು. "ನೋಟೀಸ್ ವಾಪಸ್ ಆಗುತ್ತೆ, ನಾನು ಮಾತಾಡ್ತೀನಿ. ನಾನು ನೋಡಿದ್ದು ಮಕ್ಕಳನ್ನ. ರಸ್ತೆ ನೋಡಿಲ್ಲ." ಹಾಗೆಂದವರು ಗೇಟಿನ ಹೊರಗೆ ಬಂದು, ಕರ್ತವ್ಯ ಬಿಡಲಾರದೆ, ಅಜ್ಜಿಗೂ ಹೇಳಿದರು: "ರಸ್ತೆಗೆ ಹಿಂಗೆಲ್ಲ ಹಾಕ್ಬಾರ್ದು ಅಜ್ಜಿ, ಬೈಕ್‌ನೋರು ಬೀಳ್ತಾರೆ."

"ಆಯ್ತು ಸಾ" ಎಂದರು ಅಜ್ಜಿ. ಹಾಗೆನ್ನುತ್ತಲೇ ಹುರುಳಿಯನ್ನು ತಿರುವಿ ಹಾಕತೊಡಗಿದರು. "ಓಗೋವಾಗ ಇದೇ ದಾರೀಲಿ ತಾನೆ?"

ಇದೇ ದಾರಿಯಲ್ಲಿ ಹೋದೆವು, ನಡುವಿನಲ್ಲೇ. ಹಿಂದಿನಿಂದ ಹುಡುಗಿಯ ಧ್ವನಿ ಕೇಳಿಸಿತು: "ಜೀಪು! ನಾಕು!"

ಕೋಷ್ಟಕ ಅಚ್ಚಾಗಿ ಬಂದಾಗ ಅಂಕಣ ಕಿರಿದಾಗಿ, ನಮ್ಮ ಹೆಸರು ‘ಸ್ಥಳೀಯ ಕೃಷಿ ಸಂಸ್ಕೃತಿ ಆಧಾರಿತ ವಾಹನ ಸಂಚಾ’ ಎನ್ನುವಲ್ಲಿಗೆ ತುಂಡಾಗಿತ್ತು. ಅರಕಲಗೂಡು ಕೊಟ್ಟ ‘ತುಲನಾತ್ಮಕ’ ಪೂರ್ತಿ ಹೋಗಿತ್ತು. ಅದು ಫೋನಿನಲ್ಲಿ ಬಹಳ ಹೊತ್ತು ದುಃಖಪಟ್ಟಿತು. ಮೇಡಂಗೆ ಅದ್ಯಾವುದೂ ಬೇಕಿರಲಿಲ್ಲ. "ತಿಂಗ್ಳು ಸರಿಯಾಗ್ ಬಂದೈತೆ ಸಾ" ಎಂದರು. "ಡಿಸೆಂಬರ್. ಸಾಕು. ಆ ಮಗು ಈಗ ಮಗ್ಗಿ ತಪ್ಪು ಹೇಳಿದ್ರೂ ಜೋರಾಗಿ ಹೇಳ್ತದೆ."

ಮುಂದಿನ ಹುರುಳಿ ಕಾಲದಲ್ಲಿ ನೆಂಟರ ಮನೆಗೆಂದು ಆ ಕಡೆ ಹೋಗಬೇಕಾಯಿತು. ಹಿರೀಸಾವೆಯಲ್ಲಿ ಇಳಿದು ಒಳಗಿನ ಬಸ್ಸು ಹತ್ತಿದೆ. ಶಾಲೆಯ ಹತ್ತಿರ ಬರುತ್ತಿದ್ದಂತೆ ಬಸ್ಸು ನಿಧಾನವಾಯಿತು, ಚಕ್ರದ ಕೆಳಗೆ ಚಟಪಟ ಶುರುವಾಯಿತು. ಪಕ್ಕದ ಸೀಟಿನವರು "ಈ ಜನುಕ್ಕೆ ಬುದ್ಧಿ ಬರಲ್ಲ ಬಿಡಿ" ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಕಾಂಪೌಂಡಿನ ಮೇಲೆ ಹೊಸ ತಲೆಗಳ ಸಾಲು, ಅವರ ಹಿಂದೆ ಕನ್ನಡಕ ಹಾಕಿಕೊಂಡು ನಿಂತ ಮೇಡಂ. ಅವರು ನನ್ನನ್ನು ನೋಡಲಿಲ್ಲ. ಗೀಟು ಹಾಕುವವನ ಕೈ ನೋಡುತ್ತಿದ್ದರು.

"ಬಸ್ಸೂ!" ಎಂದು ಯಾವುದೋ ಮಗು ಕೂಗಿತು. ಒಳಗೆ ಕೂತ ನಾವೆಲ್ಲ ಸೇರಿ ಒಂದು ಗೀಟಾದೆವು. ನನಗೆ ಅಷ್ಟು ಸಾಕಾಗಿತ್ತು. ಡ್ರೈವರು ಅಂಚಿನಲ್ಲಿ ಹೋಗುತ್ತಿದ್ದಾನೆಂದು ಅನ್ನಿಸಿ, ಸೀಟಿನಿಂದ ಎದ್ದು ಮುಂದೆ ಹೋಗಿ ಹೇಳಿದೆ: "ಸ್ವಲ್ಪ ಮಧ್ಯಕ್ಕೆ ತಗಳಪ್ಪ."